ಹಳೆ ಕಾರು ಕೊಳ್ಳುವ ಮುನ್ನ
ಜರ್ಮನಿಯ ಬಿಎಂಡಬ್ಲ್ಯು ಕಂಪನಿ 1995ರಿಂದ 2003ರವರೆಗೆ ತಯಾರಿಸಿದ ಐದನೇ ಸರಣಿಯ 'ಇ39' ಸೆಡಾನ್ ಅಮೆರಿಕದ ಹಳೆ ಕಾರುಗಳ ಮಾರುಕಟ್ಟೆಯಲ್ಲಿ ಇಂದಿಗೂ ಸಿಗುತ್ತದೆ. ಕಾರಿನ ಭಾರ ಮುಂದಿನ, ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುವುದರಿಂದ ತಿರುವುಗಳಲ್ಲಿ ಹಿಡಿತ ಚೆನ್ನ.

ಅಲ್ಲಿಗೆ ಓದಲು ಹೋದ ವಿದ್ಯಾರ್ಥಿಗೆ ಇದರ ಬೆಲೆ ಆಸೆ ಹುಟ್ಟಿಸೀತು. ಆದರೆ ಬೆಲೆ ಇಳಿದಂತೆ ರಿಪೇರಿ ಖರ್ಚು ಇಳಿಯುವುದಿಲ್ಲ. ರೇಡಿಯೇಟರ್‌ನ ಪ್ಲಾಸ್ಟಿಕ್ ಭಾಗಗಳು ವರ್ಷಗಳ ಶಾಖಕ್ಕೆ ಪೆಡಸಾಗಿ ಬಿರಿಯುತ್ತವೆ. ನೀರು ಸೋರಿ ಎಂಜಿನ್ ಅತಿಯಾಗಿ ಕಾದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು. ಆಗ ರಿಪೇರಿ ಖರ್ಚು ಕಾರಿನ ಬೆಲೆಯನ್ನೇ ಮೀರೀತು.

ಆದ್ದರಿಂದ ಹೊಳಪಿಗೆ ಮರುಳಾಗದೆ, ಆ ಭಾಗಗಳನ್ನು ಬದಲಿಸಿದ ರಸೀದಿ ಕೇಳಬೇಕು. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸಬೇಕು. ಮಕ್ಕಳು ಹಣ ಕೇಳಿದಾಗ ಪಾಲಕರು ಮೊದಲು ವಿಚಾರಿಸಬೇಕಾದದ್ದೂ ಇವೆರಡನ್ನೇ.