ಪದವಿಚಾರ: ಜೋಳವೆಂದರೆ ಯಾವ ಜೋಳ?

ಭಾಲ್ಕಿಯ ವಾಚಕರೊಬ್ಬರು ಹೀಗೆ ಬರೆದಿರುವರು: ಅವರ ಮಗನು ಚರಿತ್ರೆಯ ಪರೀಕ್ಷೆಯಲ್ಲಿ ಇಂಗ್ಲೆಂಡಿನ ‘ಕಾರ್ನ್ ಲಾ’ ಎಂಬುದನ್ನು ‘ಜೋಳದ ಕಾಯಿದೆ’ಯೆಂದು ಕನ್ನಡಿಸಿ ಅಂಕವನ್ನು ಕಳೆದುಕೊಂಡನು. ನಿಘಂಟನ್ನು ನೋಡಿಯೇ ಬರೆದೆನೆಂದು ಹುಡುಗನು ಅತ್ತನು. ಅಜ್ಜಿಯು ಮಾತ್ರ, “ಅಲ್ಲೋ ತಮ್ಮಾ, ಆ ಥಂಡಿ ದೇಶದಾಗ ಜ್ವಾಳ ಎಲ್ಲಿ ಬೆಳೀತದ?” ಎಂದರಂತೆ. ಶಾಲೆಗೆ ಹೋಗಿ ವಾದಿಸಬಹುದೇ ಎಂದು ತಂದೆಯವರ ಪ್ರಶ್ನೆ.

ವಾದಿಸುವುದು ಬೇಡ, ಅಜ್ಜಿಯವರ ಮಾತೇ ಸರಿ. ಇಂಗ್ಲಿಷಿನಲ್ಲಿ ‘ಕಾರ್ನ್’ ಎಂದರೆ ಮೊದಲಿಗೆ ಧಾನ್ಯವೆಂದಷ್ಟೇ ಅರ್ಥ. ಆಯಾ ಸೀಮೆಯ ಮುಖ್ಯ ಬೆಳೆಗೆ ಆ ಹೆಸರು ಸಲ್ಲುತ್ತಿತ್ತು: ಇಂಗ್ಲೆಂಡಿನಲ್ಲಿ ಗೋದಿಗೆ, ಸ್ಕಾಟ್ಲೆಂಡಿನಲ್ಲಿ ಓಟ್ಸಿಗೆ. ಅಮೆರಿಕೆಗೆ ವಲಸೆ ಹೋದವರು ಅಲ್ಲಿಯ ಮೂಲನಿವಾಸಿಗಳ ಮೆಕ್ಕೆಜೋಳವನ್ನು ‘ಇಂಡಿಯನ್ ಕಾರ್ನ್’ ಎಂದು ಕರೆದರು. ಬರಬರುತ್ತ ವಿಶೇಷಣವು ಉದುರಿ ‘ಕಾರ್ನ್’ ಮಾತ್ರ ಉಳಿಯಿತು. 1815ರ ಆ ಕಾಯಿದೆಯು ಹೊರದೇಶದ ಧಾನ್ಯವನ್ನು ತಡೆದು ಬಡವರ ರೊಟ್ಟಿಯನ್ನು ದುಬಾರಿಯಾಗಿಸಿತು. 1846ರಲ್ಲಿ ಅದನ್ನು ತೆಗೆದುಹಾಕಲು ನಿಶ್ಚಯಿಸಿದರು. ಆ ಜಗಳವೆಲ್ಲ ಮುಖ್ಯವಾಗಿ ಗೋದಿಯದು.

ಆಂಗ್ಲರನ್ನು ನೋಡಿ ನಗುವ ಮುನ್ನ ನಮ್ಮ ಅಡಿಗೆಮನೆಯನ್ನು ನೋಡೋಣ. ಔರಾದಿನಲ್ಲಿ ಜೋಳವೆಂದರೆ ತಟ್ಟಿ ರೊಟ್ಟಿ ಮಾಡುವ ಬಿಳಿಯ ಕಾಳು. ಬೆಂಗಳೂರಿನ ಬೀದಿಯಲ್ಲಿ ಜೋಳವೆಂದು ಕೇಳಿದರೆ ಕೆಂಡದಲ್ಲಿ ಸುಟ್ಟ ತೆನೆಯು ಕೈಗೆ ಬರುವುದು. ಅಲ್ಲಿ ‘ಮುಸುಕಿನ’ ಎಂಬ ಮಾತು ಉದುರಿದೆ. ಕಡಲೆಯ ಕಥೆಯೂ ಇಂಥದೇ. ನಮ್ಮ ಶೇಂಗಾವು ಮೈಸೂರಿನವರಿಗೆ ಕಡಲೆಕಾಯಿ. ಚಟ್ನಿಗೆ ಕಡಲೆಬೀಜವನ್ನು ಹುರಿಯಿರೆಂದು ಬೆಂಗಳೂರಿನ ನಾದಿನಿಯು ಬರೆದಾಗ ನಾವು ಹೊಲದಿಂದ ಬಂದ ಕಡಲೆಯನ್ನೇ ಹುರಿದೆವು. ಚಟ್ನಿಯಾಗಲಿಲ್ಲ, ಮಕ್ಕಳಿಗೆ ತಿನ್ನಲಾಯಿತು.

ಇಂಥ ತಪ್ಪುಗಳಿಂದ ನಷ್ಟವೇನೂ ಇಲ್ಲ. ಆದರೆ ಬೀದರಿನ ಹಳೆಯ ಮನೆಗಳ ಪೆಟ್ಟಿಗೆಯಲ್ಲಿರುವ ನಿಜಾಮರ ಕಾಲದ ಕಾಗದಗಳನ್ನು ಓದುವಾಗ ಎಚ್ಚರವಿರಬೇಕು. ಅವುಗಳಲ್ಲಿನ ‘ಅವ್ವಲ್ ತಾಲ್ಲೂಕುದಾರ’ನು ತಾಲ್ಲೂಕಿನ ಅಧಿಕಾರಿಯಲ್ಲ, ಇಡೀ ಜಿಲ್ಲೆಯ ಮುಖ್ಯಸ್ಥನು. ತಾಲ್ಲೂಕನ್ನು ನೋಡುತ್ತಿದ್ದವನು ತಹಸೀಲದಾರ. ಅದೇ ಕೆಲಸದವನು ಹಳೆಯ ಮೈಸೂರಿನಲ್ಲಿ ಅಮಲ್ದಾರ. ಅವಧ ಪ್ರಾಂತದಲ್ಲಾದರೋ ತಾಲ್ಲೂಕುದಾರನೆಂದರೆ ದೊಡ್ಡ ಜಮೀನುದಾರ! ಹೆಸರನ್ನು ನಂಬಿ ಅಜ್ಜನ ದಾಖಲೆಯನ್ನು ತಾಲ್ಲೂಕು ಕಚೇರಿಯಲ್ಲೇ ಹುಡುಕುತ್ತ ಕುಳಿತರೆ ದಿನಗಳು ವ್ಯರ್ಥವಾದಾವು.

ಭಾಲ್ಕಿಯ ಹುಡುಗನು ‘ಧಾನ್ಯದ ಕಾಯಿದೆ’ಯೆಂದು ತಿದ್ದಿ ಬರೆದುಕೊಳ್ಳಲಿ. ಅಜ್ಜಿಯವರಿಗೆ ನಮ್ಮ ನಮಸ್ಕಾರಗಳು.