ಉತ್ಸವದ ಚಪ್ಪರದಲ್ಲಿ ಪ್ರಶ್ನೆಗೆ ಎಡೆಯುಂಟೇ?

ಗೋಳಗುಮ್ಮಟದ ಮೇಲಂತಸ್ತಿನಲ್ಲಿ ಒಬ್ಬನು ಪಿಸುನುಡಿದರೂ ಎದುರುಬದಿಯಲ್ಲಿ ಕಿವಿಗೊಟ್ಟವನಿಗೆ ಕೇಳಿಸುವದು. ಅದೇ ಊರಿನ ಉತ್ಸವದ ಚಪ್ಪರದಲ್ಲಿ ಧ್ವನಿವರ್ಧಕವಿದ್ದೂ ಶ್ರೋತೃವಿನ ಮಾತು ವೇದಿಕೆಯನ್ನು ಮುಟ್ಟುವದಿಲ್ಲ! ನವರಸಪುರ ಉತ್ಸವವಿರಲಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಿರಲಿ, ಮುಖಂಡರು ಬಿಜಯಂಗೈಯುವರು, ಹಾರ ಶಾಲುಗಳನ್ನು ಸ್ವೀಕರಿಸುವರು, ಭಾಷಣ ಮಾಡುವರು. ಬಳಿಕ ಮೋಟಾರಿನ ಧೂಳಷ್ಟೇ ಉಳಿಯುವದು.

ಇಂಥ ಜನಸಂದಣಿಯ ನಡುವೆ ಒಂದು ದಿನವನ್ನು ಬಹಿರಂಗ ಚರ್ಚೆಗೆ ಮೀಸಲಿಡಬೇಕೆಂದರೆ, “ಜಾತ್ರೆಯಲ್ಲಿ ರಾಜಕಾರಣವೇಕೆ?” ಎಂದು ಕೆಲವು ಸಭ್ಯರು ಮೂಗುಮುರಿಯುವರು. ರಾಜಕಾರಣವು ಎಂದೋ ಜಾತ್ರೆಯನ್ನು ಹೊಕ್ಕಿದೆಯೆಂದು ದಾರಿಯುದ್ದಕ್ಕೂ ತೂಗುವ ಭಾವಚಿತ್ರಗಳೇ ಸಾರುತ್ತಿಲ್ಲವೇ? ಹೊರಗೆ ನಿಂತಿರುವದು ಪ್ರಶ್ನೆಯೊಂದೇ.

ಸ್ವೀಡನ್ನಿನ ಗಾಟ್‌ಲಂಡ್ ದ್ವೀಪದ ವಿಸ್ಬಿಯೂ ವಿಜಯಪುರದಂತೆ ಹಳೆಯ ಕೋಟೆಗೋಡೆಯ ಊರು. 1968ರಲ್ಲಿ, ಆಗ ಶಿಕ್ಷಣಮಂತ್ರಿಯಾಗಿದ್ದ ಊಲಫ್ ಪಾಲ್ಮೆಯವರು ಅಲ್ಲಿಯ ಆಲ್ಮೆಡಾಲೆನ್ ಉದ್ಯಾನದ ಬಳಿ ಲಾರಿಯ ಮೇಲೆ ನಿಂತು ಮಾತಾಡಿದರು. ಆ ಭಾಷಣವೇ ಬೆಳೆದು ವಾರ್ಷಿಕ ಹಬ್ಬವಾಯಿತು. ಪಕ್ಷನಾಯಕರನ್ನು ಜನಸಾಮಾನ್ಯರು ಎದುರಾಎದುರು ಕಾಣುವಂತಾಯಿತು. ಕಂಪನಿಗಳ ವಕಾಲತ್ತಿನವರು ನೆರೆದು, ಬಿಡಾರದ ಬಾಡಿಗೆಯೇರಿ ಹಬ್ಬವು ಕೆಟ್ಟಿತೆಂಬ ದೂರೂ ಅಲ್ಲಿಯದೇ. ಆದುದರಿಂದ ನಕಲು ಬೇಡ, ಮಾದರಿ ಸಾಕು.

“ಗ್ರಾಮಸಭೆಯಿದೆಯಲ್ಲ” ಎಂಬ ಆಕ್ಷೇಪಕ್ಕೆ ತುಸು ತೂಕವುಂಟು. 1993ರ ಪಂಚಾಯತ್ ಕಾಯಿದೆಯಂತೆ ಅದು ಆರು ತಿಂಗಳಿಗೊಮ್ಮೆಯಾದರೂ ಕೂಡತಕ್ಕದ್ದು. ಆದರೆ ತುಬಚಿ-ಬಬಲೇಶ್ವರ ಏತನೀರಾವರಿಯ ನೀರು ಕಾಲುವೆಯ ಕೊನೆಯ ಹೊಲವನ್ನು ಎಂದು ಮುಟ್ಟುವದು? ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವದಾದರೆ ಮುಳುಗಡೆಯವರಿಗೆ ಪರಿಹಾರ ಎಂದು ಕೈಸೇರುವದು? ಆಲಿಕಲ್ಲಿಗೆ ಸಿಕ್ಕ ತಿಕೋಟಾದ ದ್ರಾಕ್ಷಿಯ ಲೆಕ್ಕವನ್ನು ಯಾರಲ್ಲಿ ಕೇಳುವದು? ಇವಕ್ಕೆ ಗ್ರಾಮಪಂಚಾಯತಿಯ ಅಧ್ಯಕ್ಷೆಯು ಏನೆಂದು ಉತ್ತರಿಸಿಯಾಳು? ಉತ್ತರ ಬೆಂಗಳೂರಿನಲ್ಲಿದೆ, ದಿಲ್ಲಿಯಲ್ಲಿದೆ. ಅಲ್ಲಿಯವರು ಜಾತ್ರೆಗಾದರೂ ಇಲ್ಲಿಗೆ ಬರುವರು.

ಬಾಗೇವಾಡಿಯ ಬಸವಣ್ಣನನ್ನು ಸರಕಾರವು 2024ರಲ್ಲಿ ಸಾಂಸ್ಕೃತಿಕ ನಾಯಕನೆಂದು ಸಾರಿತು. ಅನುಭವಮಂಟಪದ ಹೆಸರಿಲ್ಲದೆ ಯಾವ ಪಕ್ಷದ ಭಾಷಣವೂ ಮುಗಿಯದು. ಆ ಮಂಟಪದಲ್ಲಿ ಕೇಳುವವರೂ ಇದ್ದರೆಂಬುದು ಮಾತ್ರ ಭಾಷಣಕಾರರಿಗೆ ಮರೆತಿರುವದು!

ಎತ್ತರದ ವೇದಿಕೆ ಬೇಡ, ಜಮಖಾನೆ ಸಾಕು. ಪ್ರಶ್ನೆಗಳನ್ನು ಮೊದಲೇ ಸೋಸಬಾರದು. ಕೇಳುವವಳಿಗೆ ಮೂರು ನಿಮಿಷವಾದರೆ ಉತ್ತರಿಸುವವನಿಗೂ ಮೂರೇ. ಸೋತ ಪಕ್ಷದವರಿಗೂ ಅಲ್ಲಿ ಸ್ಥಳವಿರಬೇಕು. ಕೊಟ್ಟ ವಚನಗಳನ್ನು ಹೆಸರುಸಹಿತ ಬರೆದಿಟ್ಟು, ಮರುವರುಷ ಅದೇ ಚಪ್ಪರದಲ್ಲಿ, ಹಾರ ಹಾಕುವ ಮೊದಲು, ಗಟ್ಟಿಯಾಗಿ ಓದಿಸತಕ್ಕದ್ದು.