ನಾಲ್ಕನೇ ಬಾರಿಯ ಚಿಕಿತ್ಸೆಗೆ ಮುನ್ನ

ಇತ್ತೀಚೆಗೆ ನಮ್ಮ ಪರಿಚಿತ ಕುಟುಂಬವೊಂದನ್ನು ಸಂದರ್ಶಿಸಿದ್ದೆವು. ಆ ಮನೆಯ ಮಗನಿಗೆ ಮದುವೆಯಾಗಿ ಹನ್ನೊಂದು ವರ್ಷ. ಮಕ್ಕಳಿಲ್ಲ. ಮೂರು ಬಾರಿ ಐವಿಎಫ್ ಚಿಕಿತ್ಸೆ ಮಾಡಿಸಿದ್ದಾರೆ. ಮೊದಲ ಬಾರಿ ಭ್ರೂಣ ಗರ್ಭಕೋಶದಲ್ಲಿ ನೆಲೆಯೂರಲಿಲ್ಲ. ಎರಡನೇ ಬಾರಿ ನೆಲೆಯೂರಿದ್ದು ಏಳನೇ ವಾರದಲ್ಲಿ ಕಳೆದುಹೋಯಿತು. ಮೂರನೇ ಬಾರಿಯೂ ಫಲಿತಾಂಶ ಶೂನ್ಯ. ಗಲ್ಫ್‌ನಲ್ಲಿರುವ ಮಗ ಎರಡು ತಿಂಗಳ ರಜೆಯಲ್ಲಿ ಬಂದಿದ್ದು, ನಾಲ್ಕನೇ ಪ್ರಯತ್ನದ ಸಿದ್ಧತೆ ನಡೆದಿದೆ. ಸೊಸೆ ಚಹಾ ತಂದಿಟ್ಟು ಒಳಹೋದರು. ಅತ್ತೆ ದನಿ ತಗ್ಗಿಸಿ, ‘ಈ ಸಲವೂ ಆಗದಿದ್ದರೆ ಮುಂದಿನದ್ದು ಯೋಚಿಸಬೇಕು’ ಅಂದರು. ಆ ‘ಮುಂದಿನದ್ದು’ ಏನೆಂಬುದನ್ನು ಅಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಬಾಗಿಲ ಮರೆಯಲ್ಲಿದ್ದ ಆ ಸಹೋದರಿಗೂ.

ಅಡುಗೆ ಮನೆಯಲ್ಲಿ ಆಕೆ ನಮ್ಮ ಮನೆಯವರೊಡನೆ ಹೇಳಿದ ಮಾತು ಬಳಿಕ ನಮಗೆ ತಿಳಿಯಿತು. ಆಕೆಯ ಒಪ್ಪಿಗೆಯಿಂದಲೇ ಅದನ್ನಿಲ್ಲಿ ಉಲ್ಲೇಖಿಸುತ್ತಿದ್ದೇವೆ: ‘ನನಗೆ ಚುಚ್ಚುಮದ್ದಿನ ಹೆದರಿಕೆಯಿಲ್ಲ. ಭ್ರೂಣ ಇಟ್ಟ ಮೇಲಿನ ಹದಿನಾಲ್ಕು ದಿನ ಮನೆಮಂದಿಯೆಲ್ಲ ನನ್ನ ಮುಖ ನೋಡುತ್ತಾರಲ್ಲ, ಅದಕ್ಕೆ ಹೆದರಿಕೆ.’

ನಾಲ್ಕನೇ ಬಾರಿಗೆ ಆಸ್ಪತ್ರೆ ಯಾವುದು, ದುಡ್ಡು ಎಲ್ಲಿಂದ, ರಜೆ ಎಷ್ಟು ದಿನ ಎಂಬುದನ್ನೆಲ್ಲ ಆ ಮನೆಯಲ್ಲಿ ಚರ್ಚಿಸಲಾಗಿತ್ತು. ‘ನಿನಗೆ ಇದು ಬೇಕೇ?’ ಎಂದು ಮಾತ್ರ ಆಕೆಯಲ್ಲಿ ಯಾರೂ ಕೇಳಿರಲಿಲ್ಲ.

ಮೊದಲಿಗೆ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ಚಿಕಿತ್ಸೆಯನ್ನು ನಾವು ವಿರೋಧಿಸುತ್ತಿಲ್ಲ. ಸಂತಾನದ ಹಂಬಲ ಪ್ರಕೃತಿ ಸಹಜವಾದುದು. ಪ್ರವಾದಿ ಝಕರಿಯ್ಯಾ(ಅ) ಮುಪ್ಪಿನಲ್ಲಿಯೂ ಅದಕ್ಕಾಗಿ ಅಲ್ಲಾಹನಲ್ಲಿ ಮೆಲುದನಿಯಲ್ಲಿ ಮೊರೆಯಿಟ್ಟರು. ರೋಗಕ್ಕೆ ಚಿಕಿತ್ಸೆ ಪಡೆಯಿರೆಂಬುದು ಪ್ರವಾದಿವರ್ಯರ(ಸ) ಉಪದೇಶ. ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರಲ್ಲಿ. 1980ರಲ್ಲೇ ಈಜಿಪ್ಟಿನ ಅಂದಿನ ಮುಫ್ತಿ ಶೇಖ್ ಜಾದುಲ್ ಹಕ್ ಈ ಬಗ್ಗೆ ಫತ್ವಾ ನೀಡಿದರು. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ತೀರ್ಮಾನ ಹೊರಡಿಸಿತು. ಅವುಗಳ ಸಾರವಿಷ್ಟೇ: ವೀರ್ಯಾಣು ಪತಿಯದ್ದು, ಅಂಡಾಣು ಪತ್ನಿಯದ್ದು, ಗರ್ಭಕೋಶವೂ ಆ ಪತ್ನಿಯದ್ದೇ ಆಗಿದ್ದು, ವಿವಾಹ ಸಂಬಂಧ ಉಳಿದಿದ್ದರೆ ಅಗತ್ಯವಿರುವಾಗ ಇದಕ್ಕೆ ಅನುಮತಿಯಿದೆ. ಮೂರನೆಯವರ ಪ್ರವೇಶಕ್ಕೆ ಅವಕಾಶವಿಲ್ಲ. ಆದ್ದರಿಂದ ಚಿಕಿತ್ಸೆಗೆ ಹೋದವರ ಈಮಾನನ್ನು ಶಂಕಿಸುವ ಹಕ್ಕು ನೆರೆಹೊರೆಯವರಿಗಿಲ್ಲ.

ಆದರೆ ಅನುಮತಿಯಿದೆ ಎಂದಾಕ್ಷಣ ಅದು ಸೊಸೆಯ ಮೇಲಿನ ಕಡ್ಡಾಯವಾಗಿ ಬಿಡುವುದಿಲ್ಲ. ಒಂದು ಸುತ್ತಿನ ಚಿಕಿತ್ಸೆಯೆಂದರೆ ಏನು? ಸುಮಾರು ಹತ್ತು ಹನ್ನೆರಡು ದಿನ ನಿತ್ಯ ಹಾರ್ಮೋನು ಚುಚ್ಚುಮದ್ದು. ದಿನ ಬಿಟ್ಟು ದಿನ ಎಂಬಂತೆ ಸ್ಕ್ಯಾನಿಂಗ್, ರಕ್ತ ಪರೀಕ್ಷೆ. ಬಳಿಕ ಅರಿವಳಿಕೆ ನೀಡಿ ಅಂಡಾಶಯದಿಂದ ಅಂಡಾಣುಗಳನ್ನು ಹೊರತೆಗೆಯುವುದು. ಪ್ರಯೋಗಾಲಯದಲ್ಲಿ ಮೂರರಿಂದ ಐದು ದಿನ ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವುದು. ಆಮೇಲೆ ಎರಡು ವಾರಗಳ ಕಾಯುವಿಕೆ. ಕೆಲವರಲ್ಲಿ ಅಂಡಾಶಯ ಅತಿಯಾಗಿ ಊದಿಕೊಂಡು ಆಸ್ಪತ್ರೆಗೆ ದಾಖಲಾಗಬೇಕಾದ ಸ್ಥಿತಿಯೂ ಬರುತ್ತದೆ. ದೋಷ ಯಾರದ್ದೇ ಇರಲಿ, ಇವಿಷ್ಟನ್ನೂ ಅನುಭವಿಸುವ ಶರೀರ ಹೆಣ್ಣಿನದ್ದು.

‘ದೋಷ ಯಾರದ್ದೇ ಇರಲಿ’ ಎಂದು ಸುಮ್ಮನೆ ಹೇಳಿದ್ದಲ್ಲ. ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಸಂತಾನಹೀನತೆಯನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. ಇಂತಹ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ಅತ್ಯಂತ ಸರಳ. ನೋವಿಲ್ಲ, ಖರ್ಚೂ ಹೆಚ್ಚಿಲ್ಲ. ಹಾಗಿದ್ದೂ ನಮ್ಮ ಎಷ್ಟೋ ಮನೆಗಳಲ್ಲಿ ಸೊಸೆಯನ್ನು ವರ್ಷಗಟ್ಟಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ, ಮಂತ್ರಿಸಿದ ನೀರಿನಿಂದ ತಾಯಿತಕ್ಕೆ ಅಲೆದಾಡಿಸಿದ ಬಳಿಕವಷ್ಟೇ ಮಗನ ಪರೀಕ್ಷೆಯ ಮಾತು ಬರುತ್ತದೆ. ಪುರುಷತ್ವಕ್ಕೂ ಸಂತಾನ ಸಾಮರ್ಥ್ಯಕ್ಕೂ ನಾವು ಗಂಟು ಹಾಕಿದ್ದೇವೆ. ಆ ಗಂಟಿನ ಬೆಲೆಯನ್ನು ತೆರುತ್ತಿರುವುದು ಮಾತ್ರ ಹೆಣ್ಣುಮಕ್ಕಳು.

ಇನ್ನು ‘ಮುಂದಿನದ್ದು’. ದೋಷ ಪತಿಯದ್ದಾಗಿದ್ದರೆ ಎರಡನೇ ಮದುವೆಯಿಂದ ಏನಾಗಲಿದೆ? ಇನ್ನೊಬ್ಬಳು ಹೆಣ್ಣುಮಗಳು ಅದೇ ಬಾಗಿಲ ಮರೆಯಲ್ಲಿ ನಿಲ್ಲುತ್ತಾಳೆ, ಅಷ್ಟೇ. ಕುರ್‌ಆನ್ ಬಹುಪತ್ನಿತ್ವಕ್ಕೆ ನ್ಯಾಯದ ಕಠಿಣ ಶರತ್ತನ್ನು ವಿಧಿಸಿದೆ. ಅದನ್ನು ಚಿಕಿತ್ಸೆಯ ಮೇಜಿನ ಮೇಲಿರುವ ಹೆಣ್ಣಿನ ಕುತ್ತಿಗೆಗೆ ಹಿಡಿಯುವ ಕತ್ತಿಯಾಗಿಸಿದವರು ಆ ಶರತ್ತನ್ನು ಮೊದಲ ಹೆಜ್ಜೆಯಲ್ಲೇ ಮುರಿದಿದ್ದಾರೆ.

ಖರ್ಚಿನ ಪ್ರಶ್ನೆಯೂ ಸಣ್ಣದಲ್ಲ. ನಮ್ಮಲ್ಲಿ ಒಂದು ಸುತ್ತಿಗೆ ಒಂದರಿಂದ ಎರಡೂವರೆ ಲಕ್ಷ ರೂಪಾಯಿ ಸಾಮಾನ್ಯ. ಹೆಚ್ಚಿನ ಆರೋಗ್ಯ ವಿಮೆಗಳು ಇದನ್ನು ಭರಿಸುವುದಿಲ್ಲ. ಮೊದಲ ಸುತ್ತಿಗೆ ಉಳಿತಾಯ, ಎರಡನೆಯದಕ್ಕೆ ಸೊಸೆಯ ಮಹರ್‌ನ ಚಿನ್ನ, ಮೂರನೆಯದಕ್ಕೆ ಬಡ್ಡಿಯ ಸಾಲ. ಮಹರ್ ಆಕೆಯ ಸ್ವಂತ ಸೊತ್ತು. ಅದನ್ನು ಆಕೆಯಾಗಿ ಕೊಟ್ಟರೆ ಸರಿ, ಕೊಡದೆ ಬೇರೆ ದಾರಿಯಿಲ್ಲದಂತೆ ಮಾಡಿದರೆ ಅದು ದಾನವಲ್ಲ, ಕಸಿಯುವಿಕೆ.

ಹಾಗಾದರೆ ನಾಲ್ಕನೇ ಬಾರಿ ಹೋಗಲೇಬಾರದೇ? ಹೋಗಬಹುದು. ಆದರೆ ಹೋಗುವ ಮುನ್ನ ಪತಿ ಪತ್ನಿ ಜೊತೆಯಾಗಿ ಕುಳಿತು ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ. ಹಿಂದಿನ ಮೂರು ಸೋಲುಗಳಿಂದ ತಿಳಿದು ಬಂದದ್ದೇನು? ಈ ಸಲ ಬದಲಿಸುವುದೇನು? ಈ ವಯಸ್ಸಿಗೆ ಯಶಸ್ಸಿನ ಸಾಧ್ಯತೆ ಎಷ್ಟು? ಸ್ವಂತ ಅಂಡಾಣುಗಳಿಂದ ಗರ್ಭ ನಿಲ್ಲುವ ಸಾಧ್ಯತೆ 35ರ ಬಳಿಕ ಕುಗ್ಗುತ್ತಾ, 40ರ ನಂತರ ತೀವ್ರವಾಗಿ ಕುಸಿಯುತ್ತದೆ. ಶೀತಲೀಕರಿಸಿಟ್ಟ ಭ್ರೂಣಗಳು ಉಳಿದಿದ್ದರೆ ಹೊಸದಾಗಿ ಅಂಡಾಣು ತೆಗೆಯುವ ಅಗತ್ಯವೇ ಇಲ್ಲದಿರಬಹುದು. ಪತಿಯ ರಜೆ ಮುಗಿಯುತ್ತದೆಂಬ ಒಂದೇ ಕಾರಣಕ್ಕೆ ಆತುರಪಡಬೇಕಾಗಿಲ್ಲ. ವೀರ್ಯವನ್ನು ಶೀತಲೀಕರಿಸಿಡುವ ವ್ಯವಸ್ಥೆಯಿದ್ದು, ಅದು ಬೆರೆತುಹೋಗದಂತೆ ಆಸ್ಪತ್ರೆ ವಹಿಸುವ ಎಚ್ಚರವನ್ನು ಕೇಳಿ ತಿಳಿದುಕೊಂಡರಾಯಿತು.

ಈ ಪ್ರಶ್ನೆಗಳನ್ನು ಕೇಳುವುದು ಉದ್ಧಟತನವಲ್ಲ, ಹಕ್ಕು. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯನ್ನು ಸಂಸತ್ತು 2021ರಲ್ಲಿ ಅಂಗೀಕರಿಸಿತು. 2022ರಲ್ಲಿ ಅದು ಜಾರಿಗೆ ಬಂತು. ಅದರ ಪ್ರಕಾರ ಚಿಕಿತ್ಸಾ ಕೇಂದ್ರ ನೋಂದಾಯಿತವಾಗಿರಬೇಕು. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡ ಪರಿಣಾಮ, ಅವಳಿ ತ್ರಿವಳಿ ಗರ್ಭದ ಅಪಾಯ ಎಲ್ಲವನ್ನೂ ದಂಪತಿಗೆ ತಿಳಿಸಿ ಆಪ್ತಸಮಾಲೋಚನೆ ನೀಡುವುದು ಕೇಂದ್ರದ ಹೊಣೆ. ಚಿಕಿತ್ಸೆಗೆ ಲಿಖಿತ ಒಪ್ಪಿಗೆ ಕಡ್ಡಾಯ. ಆ ಹಾಳೆಯ ಮೇಲೆ ಪತ್ನಿಯ ಸಹಿ ಬೀಳುವುದು ಅತ್ತೆಯ ಮಾತಿನ ಭಯದಿಂದಲೋ ಸ್ವಂತ ನಿರ್ಧಾರದಿಂದಲೋ ಎಂಬುದನ್ನು ಮಾತ್ರ ಯಾವ ಕಾಯ್ದೆಯೂ ಪತ್ತೆ ಹಚ್ಚಲಾರದು. ಅದನ್ನು ಪತಿಯೇ ತಿಳಿಯಬೇಕು.

ಆಕೆ ‘ಸಾಕು’ ಅಂದರೆ? ಆ ಮಾತಿಗೂ ಗೌರವ ಸಲ್ಲಬೇಕು. ಅಶ್ಶೂರಾ ಅಧ್ಯಾಯದ 49 ಮತ್ತು 50ನೇ ಸೂಕ್ತಗಳು ಹೆಣ್ಣು, ಗಂಡು, ಎರಡನ್ನೂ ಕೊಡುವುದನ್ನು ಮತ್ತು ಏನೂ ಕೊಡದಿರುವುದನ್ನು ಅಲ್ಲಾಹನ ಇಚ್ಛೆಗೇ ಸೇರಿಸಿವೆ. ಕೊಡದಿರುವುದನ್ನು ಶಿಕ್ಷೆಯೆಂದು ಅಲ್ಲಿ ಹೇಳಿಲ್ಲ. ಹಝ್ರತ್ ಆಯಿಶಾರಿಗೆ(ರ) ಮಕ್ಕಳಿರಲಿಲ್ಲ. ತಂಗಿಯಂತೆ ಮಗಳಂತೆ ನಾವು ಪ್ರೀತಿಸುವ ಹೆಣ್ಣನ್ನು ಬಂಜೆಯೆಂದು ಜರೆಯುವ ಸಮುದಾಯವೇ, ಆಕೆಯ ಹಾಗೆ ಮಡಿಲು ತುಂಬದ ಆ ಮಹಾನ್ ವಿದ್ವಾಂಸೆಯನ್ನು ವಿಶ್ವಾಸಿಗಳ ಮಾತೆ ಎಂದು ಕರೆಯುತ್ತದೆ. ಅವರಿಂದ ವರದಿಯಾದ ಎರಡು ಸಾವಿರಕ್ಕೂ ಅಧಿಕ ಹದೀಸ್‌ಗಳನ್ನು ಮದ್ರಸಗಳಲ್ಲಿ ಕಲಿತವರು ನಾವು. ಆ ಪಾಠ ಮದ್ರಸದಿಂದ ಮನೆಗೆ ಬರುವಾಗ ದಾರಿಯಲ್ಲೆಲ್ಲಿ ಕಳೆದುಹೋಯಿತು?

ಜುಮಾ ಖುತ್ಬಾಗಳಲ್ಲಿ ಈ ವಿಷಯ ಪ್ರಸ್ತಾಪವಾಗಲಿ. ವಿವಾಹಕ್ಕೆ ಮುನ್ನ ನಡೆಸುವ ತರಬೇತಿ ಶಿಬಿರಗಳಲ್ಲಿ ವೈದ್ಯರೊಬ್ಬರು ವರನಿಗೂ ಇದನ್ನು ವಿವರಿಸಲಿ. ಬೈತುಲ್‌ಮಾಲ್‌ಗಳು ಅರ್ಹ ದಂಪತಿಗೆ ಬಡ್ಡಿರಹಿತ ಸಾಲ ನೀಡಲಿ. ಅನಾಥ ಮಗುವಿನ ಪೋಷಣೆಯ ಹೊಣೆ ಹೊರುವ ದಂಪತಿಯನ್ನು ಜಮಾಅತ್ ಮುಂದೆ ನಿಂತು ಗೌರವಿಸಲಿ.

ಇವೆಲ್ಲಕ್ಕೂ ಸಮಯ ಬೇಕು. ಒಂದಕ್ಕೆ ಮಾತ್ರ ಬೇಡ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ‘ವಿಶೇಷ ಏನಾದರೂ ಇದೆಯಾ?’ ಎಂದು ನಾವೆಲ್ಲರೂ ಕೇಳುತ್ತೇವೆ. ನಾವೂ ಕೇಳಿದವರೇ. ಆ ಪ್ರಶ್ನೆ ಚುಚ್ಚುಮದ್ದಿಗಿಂತ ಆಳಕ್ಕೆ ಇಳಿಯುತ್ತದೆಂದು ಆ ಅಡುಗೆ ಮನೆಯ ಮಾತು ನಮಗೆ ಕಲಿಸಿತು. ಮುಂದಿನ ಮದುವೆಯ ಪಂಕ್ತಿಯಲ್ಲೇ ಅದನ್ನು ನಿಲ್ಲಿಸೋಣ.